ಮನೇಲಿ ಮಾಡೋ ಫಿಸಿಕ್ಸ್ ಕಿಟ್ (8ರಿಂದ 10ನೇ ಕ್ಲಾಸ್): ಅಳತೆ ಸಾಮಾನು ಚಲೋ ಇದೆ, ಪುಸ್ತಕ ಮಾತ್ರ ನೋಡ್ಕೊಂಡು ಕೊಡಿ

ನಾಲ್ಕು ಸ್ಟಾರ್ ಕೊಡ್ತಾ ಇದೀನಿ. ಇಲ್ಲಿರೋ ರಿವ್ಯೂಗಳಲ್ಲಿ ಮುಕ್ಕಾಲು ಪಾಲು "ಪ್ಯಾಕಿಂಗ್ ಚೆನ್ನಾಗಿತ್ತು, ಮಗ ಖುಷಿ ಆದ" ಅನ್ನೋದ್ರಲ್ಲೇ ಮುಗ್ದು ಹೋಗ್ತದೆ, ಒಳಗಿನ ಸಾಮಾನು ಸರಿಯಾದ ಅಳತೆ ತೋರಿಸ್ತದಾ ಇಲ್ವಾ ಅಂತ ಯಾರೂ ಬರ್ದಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತಾ ಇದೀನಿ. ನಾವಿರೋದು ಕಾರವಾರದಲ್ಲಿ, ಕೋಡಿಬಾಗ ಕಡೆ. ಮಗಳು 9ನೇ ಕ್ಲಾಸು, ತಂಗಿ ಮಗ ಶಿರಸಿಯಲ್ಲಿ 10ನೇ ಕ್ಲಾಸು, ರಜೆಗೆ ಇಲ್ಲಿಗೇ ಬರ್ತಾನೆ. ಇಬ್ಬರಿಗೂ ಸೇರಿ ತಗೊಂಡಿದ್ದು. ಬೇಸಿಗೇಲಿ ಶುರು ಮಾಡಿ ಮಳೆಗಾಲ ಪೂರ್ತಿ ಉಪಯೋಗ್ಸಿ ಆಮೇಲೆ ಬರೀತಾ ಇರೋದು, ಬಾಕ್ಸ್ ಒಡೆದ ದಿನಾನೇ ಬರ್ದಿದ್ದಲ್ಲ.

ಬಾಕ್ಸಲ್ಲಿ ಏನೇನಿದೆ ಅಂದ್ರೆ, ಒಂದು ಸ್ಪ್ರಿಂಗ್ ಬ್ಯಾಲೆನ್ಸು (500 ಗ್ರಾಂ ತನಕ, ಇನ್ನೊಂದು ಬದಿಗೆ ನ್ಯೂಟನ್), 100 ಮಿ.ಲೀ. ಅಳತೆ ಜಾಡಿ, ಒಂದೇ ಸೈಜಿನ ಅಲ್ಯೂಮಿನಿಯಂ, ಕಬ್ಬಿಣ, ತಾಮ್ರ, ಮರದ ಕ್ಯೂಬು, ಥರ್ಮಾಮೀಟರು, ಎರಡು ಲೆನ್ಸು, ಒಂದು ಪ್ರಿಸಂ, ಎರಡು ಬಾರ್ ಮ್ಯಾಗ್ನೆಟ್ಟು, ದಿಕ್ಸೂಚಿ, ತಾಮ್ರದ ತಂತಿ ಸುತ್ತಿದ ಕಾಯಿಲ್, ಅಮ್ಮೀಟರು, ವೋಲ್ಟ್‌ಮೀಟರು, ಮಧ್ಯದಲ್ಲಿ ಸೊನ್ನೆ ಇರೋ ಗ್ಯಾಲ್ವನೋಮೀಟರು (ಸಣ್ಣ ಕರೆಂಟು ಯಾವ ಕಡೆ ಹರೀತದೆ ಅಂತ ತೋರ್ಸೋದು), ನಿಕ್ರೋಮ್ ತಂತಿ, ಬಲ್ಬು, ಸ್ವಿಚ್ಚು, ಕ್ಲಿಪ್ ಹಾಕಿದ ವಾಯರುಗಳು. ಜೊತೆಗೆ ಕನ್ನಡ, ಇಂಗ್ಲಿಷು ಎರಡೂ ಇರೋ ಪ್ರಯೋಗದ ಪುಸ್ತಕ. ಪ್ಲಾಸ್ಟಿಕ್ಕಿನ ರಾಕೆಟ್ಟು, ತಿರುಗೋ ಲೈಟು ಅಂತ ಆಟದ ಸಾಮಾನು ತುಂಬ್ಸಿ ಬಾಕ್ಸ್ ದೊಡ್ಡದು ಮಾಡಿಲ್ಲ, ಅದು ನಂಗೆ ತುಂಬ ಇಷ್ಟ ಆಯ್ತು. ಎರಡೂವರೆ ಸಾವಿರದ ಆಸುಪಾಸು ಬೀಳ್ತದೆ, ಆ ದುಡ್ಡಿಗೆ ಮೂರು ಮೀಟರ್ ಸಿಗೋದು ದೊಡ್ಡ ಮಾತೇ.

ಮೊದಲು ಸ್ಪ್ರಿಂಗ್ ಬ್ಯಾಲೆನ್ಸು. ಇದರಲ್ಲಿ ಗೆರೆ 10 ಗ್ರಾಮಿಗೆ ಒಂದು. ಪುಸ್ತಕದ ಮೊದಲ್ನೇ ಪ್ರಯೋಗಾನೇ ಕ್ಯೂಬುಗಳ ಸಾಂದ್ರತೆ (ಒಂದು ಘನ ಸೆಂ.ಮೀ.ಗೆ ಎಷ್ಟು ಗ್ರಾಂ ಅನ್ನೋದು) ಕಂಡುಹಿಡಿಯೋದು, ಕ್ಯೂಬು 2 ಸೆಂ.ಮೀ.ದು, ಅಂದ್ರೆ ಗಾತ್ರ 8 ಘನ ಸೆಂ.ಮೀ. ಅಲ್ಯೂಮಿನಿಯಂ ಸಾಂದ್ರತೆ 2.7, ಹಾಗಾಗಿ ಕ್ಯೂಬಿನ ತೂಕ ಬರ್ಬೇಕಾದ್ದು 21.6 ಗ್ರಾಂ, ಅದನ್ನ 10 ಗ್ರಾಂ ಗೆರೆಯ ಬ್ಯಾಲೆನ್ಸಲ್ಲಿ ಹೆಂಗೆ ನೋಡೋದು? ಮುಳ್ಳು 20ರ ಸ್ವಲ್ಪ ಕೆಳಗೆ ನಿಲ್ತದೆ, ಒಬ್ಬರು 20 ಅಂತಾರೆ, ಒಬ್ಬರು 25 ಅಂತಾರೆ. 20ಕ್ಕೆ 2.5 ಬರ್ತದೆ, 25ಕ್ಕೆ 3.1 ಬರ್ತದೆ. ಈ ಪ್ರಯೋಗಕ್ಕೆ ಮಾತ್ರ ಮನೆಯ ಡಿಜಿಟಲ್ ತೂಕದ ಮಷೀನು ತಗೊಳ್ಳಿ, 1 ಗ್ರಾಂ ತನಕ ತೋರಿಸೋದು ಸಾಕು. ಕಬ್ಬಿಣ 63 ಗ್ರಾಂ ಬಂತು, ಭಾಗಿಸಿದ್ರೆ 7.9, ಪಾಠದ ಪುಸ್ತಕದ್ದಕ್ಕೆ ಸರಿ ಕೂತ್ಕೊಳ್ತು. ಮಗಳು ಅಲ್ಲಿಗೆ ಬಿಡ್ದೆ, ಎರಡೂ ಅಳತೆ ಬರ್ದು ಯಾವುದಕ್ಕೆ ಎಷ್ಟು ನಂಬಿಕೆ ಇಡ್ಬಹುದು ಅಂತ ಪಕ್ಕದಲ್ಲಿ ಬರ್ಕೊಂಡ್ಳು. ಇದೊಂದು ರೂಢಿ ಬಂದ್ರೆ ಕಿಟ್ಟಿನ ಅರ್ಧ ದುಡ್ಡು ವಸೂಲು ಅಂತ ನಾನು ಹೇಳ್ತೀನಿ.

ಅದೇ ಬ್ಯಾಲೆನ್ಸಲ್ಲಿ ಇನ್ನೊಂದು ನೋಡಿ, 500 ಗ್ರಾಂ ಗೆರೆ ಮತ್ತೆ 5 ನ್ಯೂಟನ್ ಗೆರೆ ಎರಡೂ ಒಂದೇ ಸಾಲಲ್ಲಿ ಹಾಕಿದಾರೆ. ನಿಜವಾಗಿ ಅರ್ಧ ಕಿಲೋ ವಸ್ತುವನ್ನ ಭೂಮಿ ಎಳೆಯೋದು 4.9 ನ್ಯೂಟನ್ ಹತ್ತಿರ. ವ್ಯತ್ಯಾಸ ಒಂದೇ ಒಂದು ಗೆರೆ, ಆದ್ರೆ ದ್ರವ್ಯರಾಶಿ (ಗ್ರಾಂ) ಬೇರೆ, ಭೂಮಿ ಎಳೆಯೋ ತೂಕ (ನ್ಯೂಟನ್) ಬೇರೆ ಅನ್ನೋದು ಮಕ್ಕಳಿಗೆ ಗೊತ್ತಾಗೋ ಜಾಗ ಇದೇ ಇರೋದ್ರಿಂದ ಕಂಪನಿಯವರು ಸರಿ ಮಾಡ್ಬೇಕು.

ಸ್ಪ್ರಿಂಗ್ ಬ್ಯಾಲೆನ್ಸು ನಿಜವಾಗಿ ಕೆಲಸಕ್ಕೆ ಬರೋದು ಆರ್ಕಿಮಿಡೀಸ್ ತತ್ವಕ್ಕೆ, ಅಂದ್ರೆ ಮುಳುಗಿದ ವಸ್ತು ತಾನು ಸರಿಸಿದ ನೀರಿನ ತೂಕದಷ್ಟು ಹಗುರ ಆಗ್ತದೆ ಅನ್ನೋದಕ್ಕೆ. ಪುಸ್ತಕದಲ್ಲಿ ಕಬ್ಬಿಣದ ಕ್ಯೂಬನ್ನ ನೀರಲ್ಲಿ ಮುಳುಗ್ಸಿ ಅಂತ ಇದೆ, ಅದು ಕಮ್ಮಿ ಆಗೋದು 8 ಗ್ರಾಂ, ಈ ಬ್ಯಾಲೆನ್ಸಿಗೆ ಗೊತ್ತೇ ಆಗಲ್ಲ. ನಾವು ಹೊಳೆಯ ಕರಿಕಲ್ಲು ತಂದ್ವಿ, 400 ಗ್ರಾಂ ಹತ್ತಿರದ್ದು. ದಾರ ಕಟ್ಟಿ ತೂಗ್ಸಿ, ತುಂಬಿದ ಪಾತ್ರೆಯಲ್ಲಿ ಮುಳುಗ್ಸಿ, ತುಳುಕಿದ ನೀರನ್ನ ಕೆಳಗಿನ ತಟ್ಟೆಯಲ್ಲಿ ಹಿಡಿದು ಜಾಡಿಗೆ ಹಾಕಿ ಎರಡು ಸಲಕ್ಕೆ ಅಳೆದ್ವಿ. ಕಲ್ಲು ಎಷ್ಟು ಹಗುರ ಆಯ್ತೋ ಹೆಚ್ಚುಕಮ್ಮಿ ಅಷ್ಟೇ ನೀರು, ಎರಡೂ 150ರ ಅಕ್ಕಪಕ್ಕ. ಒಂದು ಮಾತು, ನಮ್ಮ ಕಡೆ ಸುಲಭಕ್ಕೆ ಸಿಗೋದು ಚಿರೆಕಲ್ಲು, ಆದ್ರೆ ಈ ಪ್ರಯೋಗಕ್ಕೆ ಬೇಡ, ಅದರ ತೂತುಗಳಿಗೆ ನೀರು ಹೋಗ್ತಾ ಗುಳ್ಳೆ ಬರ್ತಾ ಇರ್ತದೆ, ಮುಳ್ಳು ನಿಧಾನಕ್ಕೆ ಕೆಳಗೆ ಇಳೀತಾನೇ ಇರ್ತದೆ. ಕರಿಕಲ್ಲು ಮುಗಿದ್ಮೇಲೆ ಚಿರೆಕಲ್ಲೂ ಒಂದ್ಸಲ ಹಾಕಿ ತೋರ್ಸಿ, ಮುಳ್ಳು ಯಾಕೆ ಇಳೀತದೆ ಅಂತ ಮಕ್ಕಳ ಹತ್ರಾನೇ ಕೇಳಿ.

ಇನ್ನು ಹೈಡ್ರೋಮೀಟರು, ಅಂದ್ರೆ ನೀರಿನ ಸಾಂದ್ರತೆ ಅಳೆಯೋ ತೇಲೋ ಕಡ್ಡಿ, ಸಾಂದ್ರತೆ ಜಾಸ್ತಿ ಇದ್ದಷ್ಟೂ ಕಮ್ಮಿ ಮುಳುಗ್ತದೆ. ಇದು ಕರಾವಳಿಯವರಿಗೇ ಅಂತ ಮಾಡಿದ ಪ್ರಯೋಗ ಅನ್ಸ್ತು. ಉದ್ದಕ್ಕೂ ಒಂದೇ ದಪ್ಪ ಇರೋ ಸ್ಟ್ರಾ, ಬುಡ ಮುಚ್ಚಿ ಒಳಗೆ ಭಾರಕ್ಕೆ ಸಣ್ಣ ಕಬ್ಬಿಣದ ಚೂರು, ಅಷ್ಟೇ. ಬಾವಿ ನೀರಲ್ಲಿ 10 ಸೆಂ.ಮೀ. ಮುಳುಗೋ ಹಾಗೆ ಭಾರ ಹೊಂದ್ಸಿ ಗೆರೆ ಹಾಕ್ಕೊಳ್ಳಿ. ಸಮುದ್ರದ ನೀರು ಲೀಟರಿಗೆ 1025 ಗ್ರಾಂ ಹತ್ತಿರ, ಅದರಲ್ಲಿ ಸ್ಟ್ರಾ ಎರಡೂವರೆ ಮಿಲಿಮೀಟರ್ ಹತ್ತಿರ ಮೇಲೆ ನಿಲ್ಲಬೇಕು. ನಿಂತಿತು! ಟ್ಯಾಗೋರ್ ಬೀಚಿಂದ ಬಾಟಲಿಯಲ್ಲಿ ತಂದ ನೀರು ಅದು. ಆಮೇಲೆ ಕಾಳಿ ನದಿ ನೀರನ್ನ ಬೇಸಿಗೇಲಿ ಒಮ್ಮೆ, ಜೋರು ಮಳೆ ಬಿದ್ದ ಮೇಲೆ ಒಮ್ಮೆ ತಂದು ನೋಡಿದ್ವಿ. ಬೇಸಿಗೆಯ ಭರತದ (ಸಮುದ್ರ ಉಕ್ಕಿ ಬರೋ ಹೊತ್ತಿನ) ನೀರು ಹೆಚ್ಚುಕಮ್ಮಿ ಸಮುದ್ರದ ಗೆರೆಗೇ ಬಂತು, ಮಳೆಗಾಲದ್ದು ಬಾವಿ ನೀರಿನ ಗೆರೆ ಹತ್ರ. ಸೇತುವೆ ಕೆಳಗಿನ ನೀರು ಯಾವಾಗ ಉಪ್ಪು ಯಾವಾಗ ಸಿಹಿ ಅಂತ ಇಲ್ಲಿಯವರಿಗೆಲ್ಲ ನಾಲಿಗೆಗೆ ಗೊತ್ತು, ಮಗಳು ಅದನ್ನ ಮಿಲಿಮೀಟರಲ್ಲಿ ಬರ್ದು ಇಟ್ಕೊಂಡಿದಾಳೆ.

ಅಲ್ಲಿಗೇ ನಿಲ್ಲಿಸ್ಬೇಡಿ, 100 ಮಿ.ಲೀ. ನೀರಿಗೆ 36 ಗ್ರಾಂ ಉಪ್ಪು ಹಾಕಿ ಪೂರ್ತಿ ಕರಗ್ಸಿ ನೋಡಿ. ಅದಕ್ಕಿಂತ ಹೆಚ್ಚು ಹಾಕಿದ್ರೆ ಕರಗಲ್ಲ, ತಳದಲ್ಲೇ ಉಳೀತದೆ. ಆ ನೀರಿನ ಸಾಂದ್ರತೆ 1.2, ಸ್ಟ್ರಾ 8.3 ಸೆಂ.ಮೀ. ಮಾತ್ರ ಮುಳುಗ್ತದೆ, ವ್ಯತ್ಯಾಸ ದೂರದಿಂದಾನೇ ಕಾಣ್ತದೆ. ಗೋಕರ್ಣದ ಹತ್ರ ಸಾಣಿಕಟ್ಟಾ ಉಪ್ಪಿನ ಆಗರದಲ್ಲಿ ನಡೆಯೋದೂ ಇದೇ, ಸಮುದ್ರದ ನೀರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬಿಸಿಲಿಗೆ ಆರಿದ ಮೇಲೇನೇ ಉಪ್ಪು ಹರಳು ಕಟ್ಟೋಕೆ ಶುರು ಆಗೋದು. ಮತ್ತೆ ಬೈತಖೋಲ ಬಂದರಿಗೆ ಬರೋ ಸರಕಿನ ಹಡಗುಗಳ ಹೊಟ್ಟೆ ಮೇಲೆ ಒಂದು ವೃತ್ತ, ಪಕ್ಕದಲ್ಲಿ ಏಣಿ ತರ ಗೆರೆ ಬಳಿದಿರ್ತಾರೆ, ನೋಡಿರ್ತೀರಿ. ಪ್ಲಿಮ್ಸಾಲ್ ಗುರುತು ಅಂತಾರೆ ಅದಕ್ಕೆ, ಬ್ರಿಟನ್ನಲ್ಲಿ 1876ರಲ್ಲಿ ಕಾನೂನು ಮಾಡಿ ಕಡ್ಡಾಯ ಮಾಡಿದ್ದು, ಹಡಗಿಗೆ ಎಷ್ಟು ಸರಕು ತುಂಬ್ಬಹುದು ಅಂತ ಅದರಿಂದ್ಲೇ ಗೊತ್ತಾಗೋದು. ಸಿಹಿ ನೀರಿನ ಗೆರೆ ಉಪ್ಪು ನೀರಿನ ಗೆರೆಗಿಂತ ಮೇಲೆ ಇರ್ತದೆ, ಯಾಕಂದ್ರೆ ಸಿಹಿ ನೀರಲ್ಲಿ ಅದೇ ಹಡಗು ಜಾಸ್ತಿ ಮುಳುಗ್ತದೆ. ಸ್ಟ್ರಾದಲ್ಲಿ ಎರಡೂವರೆ ಮಿಲಿಮೀಟರ್ ನೋಡಿದ ಮಕ್ಕಳಿಗೆ ಇದು ಹೇಳಿದ ಕೂಡ್ಲೇ ಗೊತ್ತಾಯ್ತು. ಪುಸ್ತಕದಲ್ಲಿ ಇದ್ಯಾವ್ದೂ ಇಲ್ಲ, "ಮೊಟ್ಟೆ ಉಪ್ಪು ನೀರಲ್ಲಿ ತೇಲುತ್ತದೆ" ಅಂತ ಒಂದು ಚಿತ್ರ ಹಾಕಿ ಮುಗ್ಸಿದಾರೆ.

ಥರ್ಮಾಮೀಟರು −10ರಿಂದ 110 ಡಿಗ್ರಿ ತನಕ. ಬಂದ ಕೂಡ್ಲೇ ಕರಗ್ತಾ ಇರೋ ಐಸಲ್ಲಿ ಇಟ್ಟು ನೋಡಿ, ನಮ್ಮದು ಸೊನ್ನೆ ಬದ್ಲು 1 ತೋರಿಸ್ತು. ಅದಕ್ಕೆ ಬೇಜಾರು ಮಾಡ್ಕೊಳ್ಬೇಡಿ, ಎಷ್ಟು ತಪ್ಪು ಅಂತ ಗೊತ್ತಾದ್ರೆ ಕಳೆದ್ರಾಯ್ತು. ಇಲ್ಲಿ ಕುದಿಯೋ ನೀರಲ್ಲಿ 101 ಬಂತು, ಅಂದ್ರೆ 100. ತಂಗಿ ಮಗ ಹೋಗೋವಾಗ "ದೊಡ್ಡಮ್ಮ, ಇದನ್ನ ಶಿರಸಿಗೆ ತಗೊಂಡ್ಹೋಗ್ಲಾ" ಅಂತ ಕೇಳಿ ಟವೆಲಲ್ಲಿ ಸುತ್ತಿ ಒಯ್ದ, ಅಲ್ಲಿ ಅಡುಗೆಮನೇಲಿ ಕುದ್ಸಿ ನೋಡಿ ಫೋನ್ ಮಾಡಿದ, 99! ಒಂದು ಕಳೆದ್ರೆ 98. ಶಿರಸಿ ಇರೋದು ಸಮುದ್ರ ಮಟ್ಟದಿಂದ ಆರುನೂರು ಮೀಟರ್ ಹತ್ತಿರ ಎತ್ತರದಲ್ಲಿ, ಗಾಳಿ ಒತ್ತಡ ಕಮ್ಮಿ, ಸುಮಾರು 300 ಮೀಟರ್ ಹತ್ತಿದ್ರೆ ಕುದಿಯೋ ಬಿಂದು ಒಂದು ಡಿಗ್ರಿ ಇಳೀತದೆ. ಲೆಕ್ಕ ಸರಿ ಬಂತು. ನೀರು 100 ಡಿಗ್ರಿಗೆ ಕುದೀತದೆ ಅಂತ ಎಲ್ಲಾರೂ ಬಾಯಿಪಾಠ ಮಾಡಿರ್ತಾರೆ, ಘಟ್ಟದ ಮೇಲೆ ಹಾಗಿಲ್ಲ ಅಂತ ಅವನೇ ಅಳೆದು ಹೇಳಿದ, ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ ಅವತ್ತೇ ಈ ರಿವ್ಯೂ ಬರೀಬೇಕು ಅಂತ ತೀರ್ಮಾನ ಮಾಡಿದ್ದು. ನಿಮ್ಮ ನೆಂಟರು ಯಲ್ಲಾಪುರದಲ್ಲೋ ಸಿದ್ದಾಪುರದಲ್ಲೋ ಇದ್ರೆ ನೀವೂ ಮಾಡಿ ನೋಡಿ, ಥರ್ಮಾಮೀಟರ್ ಮಾತ್ರ ಎರಡೂ ಕಡೆ ಅದೇ ಇರ್ಬೇಕು.

ಅದೇ ಥರ್ಮಾಮೀಟರಲ್ಲಿ ಮರಳು, ನೀರು ಎರಡನ್ನೂ ಒಂದೇ ತೂಕ ತಗೊಂಡು ಬಿಸಿಲಿಗೆ ಇಟ್ಟು ಅಳೀಬಹುದು. ಒಂದು ಗ್ರಾಂ ನೀರಿಗೆ ಒಂದು ಡಿಗ್ರಿ ಏರೋಕೆ 4.18 ಜೂಲ್ ಬೇಕು, ಒಣ ಮರಳಿಗೆ 0.8ರ ಹತ್ತಿರ ಸಾಕು, ಅಂದ್ರೆ ದಡ ಸಮುದ್ರಕ್ಕಿಂತ ಬೇಗ ಕಾಯ್ತದೆ, ಬೇಗ ತಣೀತದೆ. ಮಧ್ಯಾಹ್ನದ ಮೇಲೆ ಸಮುದ್ರದಿಂದ ಗಾಳಿ ಬೀಸೋದು, ರಾತ್ರಿ ಕಳೆದು ಬೆಳಗಿನ ಜಾವ ದಡದಿಂದ ಸಮುದ್ರಕ್ಕೆ ಬೀಸೋದು ಇದರಿಂದ್ಲೇ. ಹಿಂದೆ ಹಾಯಿ ದೋಣಿಯವರು ನಸುಕಲ್ಲಿ ಹೊರಟು ಮಧ್ಯಾಹ್ನದ ಮೇಲೆ ವಾಪಸ್ ಬರ್ತಿದ್ದದ್ದೂ ಈ ಗಾಳಿ ನಂಬ್ಕೊಂಡೇ.

ಕರೆಂಟಿನ ಭಾಗಕ್ಕೆ ಬರ್ತೀನಿ, ಒಂದು ಸ್ಟಾರ್ ಹೋಗಿದ್ದು ಮುಖ್ಯವಾಗಿ ಇಲ್ಲೇ. ಮೀಟರುಗಳು ಪರ್ವಾಗಿಲ್ಲ, ಆದ್ರೆ ಓಮನ ನಿಯಮಕ್ಕೆ (ವೋಲ್ಟೇಜ್ ಎಷ್ಟು ಪಟ್ಟು ಏರಿದ್ರೆ ಕರೆಂಟೂ ಅಷ್ಟೇ ಪಟ್ಟು ಏರ್ತದೆ ಅನ್ನೋದು) ಪುಸ್ತಕದಲ್ಲಿ ಬಲ್ಬ್ ಹಾಕಿ ಅಳೀರಿ ಅಂತ ಹೇಳಿದಾರೆ, ಗ್ರಾಫ್ ನೇರ ಗೆರೆ ಬರ್ತದೆ ಅಂತ ಚಿತ್ರಾನೂ ಹಾಕಿದಾರೆ. ಬರಲ್ಲ! ಬಲ್ಬಿನ ಟಂಗ್‌ಸ್ಟನ್ ತಂತಿ ಕಾದು ಬೆಳ್ಳಗೆ ಉರಿಯೋವಾಗ ಅದರ ರೋಧ (ಕರೆಂಟಿಗೆ ಒಡ್ಡೋ ತಡೆ) ತಣ್ಣಗಿದ್ದಾಗಿಗಿಂತ ಸುಮಾರು ಹತ್ತು ಪಟ್ಟು ಆಗ್ತದೆ, ಹಾಗಾಗಿ ವೋಲ್ಟೇಜ್ ಏರಿಸ್ತಾ ಹೋದ್ರೆ ಕರೆಂಟ್ ಅದೇ ಲೆಕ್ಕದಲ್ಲಿ ಏರಲ್ಲ, ಗ್ರಾಫ್ ಬಾಗ್ತದೆ. ಓಮ್ 1827ರಲ್ಲಿ ಹೇಳಿದ ನಿಯಮ ಉಷ್ಣತೆ ಬದಲಾಗ್ದೇ ಇದ್ದಾಗ ಮಾತ್ರ ಅಂತ 10ನೇ ಕ್ಲಾಸಿನ ಪಾಠದಲ್ಲೇ ಇದೆ. ಮಗು ಸರಿಯಾಗಿ ಅಳೆದು ಬಾಗಿದ ಗೆರೆ ಬರ್ದ್ರೆ, ಪುಸ್ತಕ ನೋಡಿ ತನ್ನದೇ ತಪ್ಪು ಅಂದ್ಕೊಂಡು ರಬ್ಬರ್ ಹಾಕಿ ಅಳಿಸಿ ನೇರ ಗೆರೆ ಎಳೀತದೆ. ಇದಕ್ಕಿಂತ ದೊಡ್ಡ ಹಾನಿ ಬೇರೆ ಇಲ್ಲ. ನಿಕ್ರೋಮ್ ತಂತಿ ಕಿಟ್ಟಲ್ಲೇ ಇದೆ, ಅದಕ್ಕೆ 1.5, 3, 4.5 ವೋಲ್ಟ್ ಕೊಟ್ಟು ಅಳೆದ್ರೆ ಗೆರೆ ಚಂದ ನೇರ ಬರ್ತದೆ. ಮೊದಲು ನಿಕ್ರೋಮ್ ಮಾಡ್ಸಿ, ಆಮೇಲೆ ಬಲ್ಬ್ ಮಾಡ್ಸಿ, ಎರಡೂ ಒಂದೇ ಗ್ರಾಫ್ ಶೀಟಲ್ಲಿ. ತಂತಿ ತುಂಬ ಗಿಡ್ಡ ತಗೊಂಡ್ರೆ ಮೀಟರ್ ಮುಳ್ಳು ತುದಿಗೆ ಬಡೀತದೆ, ಕೈ ಸುಡೋದೂ ಉಂಟು, ದೊಡ್ಡೋರು ಪಕ್ಕದಲ್ಲಿ ಇರಿ.

ಇನ್ನೊಂದು ಕೆಟ್ಟ ವಿಚಾರ, ಎಲ್ಲಾ ಕೋಷ್ಟಕದ ಕೊನೇ ಕಾಲಮ್ಮಲ್ಲಿ "ಬರಬೇಕಾದ ಉತ್ತರ" ಮೊದ್ಲೇ ಪ್ರಿಂಟ್ ಆಗಿದೆ. ಮಕ್ಕಳ ಕಣ್ಣು ಮೊದಲು ಅಲ್ಲಿಗೇ ಹೋಗೋದು. ಆ ಕಾಲಮ್ಮಿನ ಮೇಲೆ ಪೇಪರ್ ಅಂಟ್ಸಿ ಕೊಟ್ಟೆ ನಾನು.

ಕಾಯಿಲ್, ಮ್ಯಾಗ್ನೆಟ್ಟು, ಗ್ಯಾಲ್ವನೋಮೀಟರು, ಈ ಮೂರಕ್ಕೇ ಇಡೀ ಕಿಟ್ಟಿನ ದುಡ್ಡು ಕೊಡ್ಬಹುದು. ಕಾಯಿಲ್ ಒಳಗೆ ಮ್ಯಾಗ್ನೆಟ್ಟು ತಳ್ಳಿದ್ರೆ ಮುಳ್ಳು ಒಂದು ಕಡೆ, ಎಳೆದ್ರೆ ಇನ್ನೊಂದು ಕಡೆ, ಒಳಗೇ ಸುಮ್ನೆ ಬಿಟ್ರೆ ಸೊನ್ನೆ. ಫ್ಯಾರಡೆ 1831ರಲ್ಲಿ ಕಂಡಿದ್ದು ಇದೇ. ಮ್ಯಾಗ್ನೆಟ್ಟು ಇದ್ರೆ ಸಾಲಲ್ಲ, ಅದು ಅಲ್ಲಾಡ್ಬೇಕು, ಜೋರಾಗಿ ಅಲ್ಲಾಡಿಸ್ದಷ್ಟೂ ಮುಳ್ಳು ಜಾಸ್ತಿ ಓಡ್ತದೆ. ಕದ್ರಾ ಡ್ಯಾಮಲ್ಲಿ ನೀರು ಟರ್ಬೈನ್ ತಿರುಗ್ಸೋದು, ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಯುರೇನಿಯಂ ಬಿಸಿಯಿಂದ ಆದ ಹಬೆ ತಿರುಗ್ಸೋದು, ಕೊನೆಗೆ ಎರಡೂ ಕಡೆ ಕರೆಂಟ್ ಹುಟ್ಟೋದು ಹೀಗೇನೇ. ಕೈಗಾ ಅಂದ್ರೆ ಅಣುವಿಂದ ಸೀದಾ ಕರೆಂಟ್ ಬರ್ತದೆ ಅಂತ ನಮ್ಮೂರಲ್ಲೇ ಎಷ್ಟೋ ದೊಡ್ಡೋರು ತಿಳ್ಕೊಂಡಿದಾರೆ. ಅಲ್ಲಿರೋದು 220 ಮೆಗಾವ್ಯಾಟಿನ ನಾಲ್ಕು ಘಟಕ, ಒಂದನೇ ಘಟಕ 962 ದಿನ ನಿಲ್ದೇ ನಡೆದು 2018ರ ಡಿಸೆಂಬರ್ 31ಕ್ಕೆ ನಿಂತಿತು. ಅಷ್ಟು ದಿನಾನೂ ಮ್ಯಾಗ್ನೆಟ್ಟು ತಿರುಗ್ತಾನೇ ಇತ್ತು ಅಂತ ಹೇಳಿದಾಗ ಮಗಳು ಕಾಯಿಲ್ ಕೈಯಲ್ಲಿ ಹಿಡ್ಕೊಂಡು ಸುಮಾರು ಹೊತ್ತು ಸುಮ್ನೆ ಕೂತಿದ್ಳು.

ಲೆನ್ಸು ಚಲೋ ಇದೆ. ಪೀನ ಮಸೂರದ ಮೇಲೆ ಸಂಗಮ ದೂರ 10 ಸೆಂ.ಮೀ. ಅಂತ ಇದೆ, ನದಿ ಆಚೆಯ ಸದಾಶಿವಗಡದ ಗುಡ್ಡವನ್ನ ಬಿಳಿ ಪೇಪರ್ ಮೇಲೆ ತಲೆಕೆಳಗಾಗಿ ಮೂಡಿಸಿ ಸ್ಕೇಲ್ ಹಿಡಿದ್ರೆ 10ಕ್ಕೇ ಬಂತು. ಸೂರ್ಯನ ಕಡೆ ಹಿಡಿದು ನೋಡೋದು ಮಾತ್ರ ಯಾವತ್ತೂ ಬೇಡ. ಪ್ರಿಸಂ ಅಂಚು ಸ್ವಲ್ಪ ಒಡೆದಿತ್ತು, ಬಣ್ಣ ಬೀಳ್ತದೆ, ಸಾಕು.

ಬೆಳಕಿನ ಪಾಠದ ಕೊನೇಲಿ "ಸಮುದ್ರ ನೀಲಿ ಕಾಣೋದು ಆಕಾಶದ ಪ್ರತಿಬಿಂಬದಿಂದ" ಅಂತ ಬರ್ದಿದಾರೆ. ಕಾರವಾರದ ಮಕ್ಕಳಿಗೆ ಇದನ್ನ ಓದ್ಸೋಕೆ ನನಗೆ ಮನಸ್ಸಿಲ್ಲ. 1921ರಲ್ಲಿ ಸಿ.ವಿ. ರಾಮನ್ ಯುರೋಪಿಂದ ಹಡಗಲ್ಲಿ ವಾಪಸ್ ಬರೋವಾಗ, ನಿಕಲ್ ಪ್ರಿಸಂ ಅನ್ನೋ ಸಣ್ಣ ಉಪಕರಣದಿಂದ ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರೋ ಬೆಳಕನ್ನ ತಡೆದು ನೋಡಿದ್ರು, ಆಗ್ಲೂ ಸಮುದ್ರ ನೀಲಿಯಾಗೇ ಕಂಡಿತು. ಬರೀ ಆಕಾಶದ ಪ್ರತಿಬಿಂಬ ಆಗಿದ್ರೆ ಬಣ್ಣ ಹೋಗ್ಬೇಕಿತ್ತು. ನೀರು ಕೆಂಪು ಬಣ್ಣವನ್ನ ಹೀರ್ಕೊಳ್ತದೆ, ನೀರಿನ ಅಣುಗಳು ನೀಲಿಯನ್ನ ಜಾಸ್ತಿ ಚದುರಿಸ್ತವೆ. ಬೆಳಕಿನ ಚದುರುವಿಕೆ ಹಿಂದೆ ಬಿದ್ದು ಹೋಗೇ 1928ರ ಫೆಬ್ರವರಿ 28ಕ್ಕೆ ರಾಮನ್ ಪರಿಣಾಮ (ಚದುರಿದ ಬೆಳಕಲ್ಲಿ ಸ್ವಲ್ಪ ಭಾಗದ ಬಣ್ಣ ಬದಲಾಗೋದು) ಸಿಕ್ಕಿದ್ದು, ಶಾಲೇಲಿ ವಿಜ್ಞಾನ ದಿನ ಮಾಡೋದು ಅದೇ ದಿನ. ಒಂದು ಪೋಲರಾಯ್ಡ್ ಹಾಳೆ (ಒಂದೇ ದಿಕ್ಕಲ್ಲಿ ಕಂಪಿಸೋ ಬೆಳಕನ್ನ ಮಾತ್ರ ಬಿಡೋದು) ಕಿಟ್ಟಲ್ಲಿ ಹಾಕಿದ್ರೆ ಮಕ್ಕಳು ಬೀಚಲ್ಲೇ ನಿಂತು ಓರೆಯಾಗಿ ನೋಡಿ, ಹಾಳೆ ತಿರುಗ್ಸಿ ಹೊಳಪು ಹೋಗೋದು, ಬಣ್ಣ ಉಳಿಯೋದು ನೋಡ್ಬಹುದಿತ್ತು. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಇದ್ರೆ ಅದರಲ್ಲೂ ಆಗ್ತದೆ, ನಾವು ಹಾಗೇ ಮಾಡಿದ್ವಿ. ಕಂಪನಿಗೆ ಮೇಲ್ ಹಾಕಿ ಬಲ್ಬಿನ ಗ್ರಾಫು, ಈ ಸಮುದ್ರದ ಮಾತು ಎರಡನ್ನೂ ತಿಳ್ಸಿದೀನಿ, ಇನ್ನೂ ಉತ್ತರ ಬಂದಿಲ್ಲ.

ಕರಾವಳಿಯವರಿಗೆ ತುಕ್ಕಿನ ಬಗ್ಗೆ ಹೇಳ್ಲೇಬೇಕು. ನಮ್ಮಲ್ಲಿ ಮೂರು ಸಾವಿರ ಮಿಲಿಮೀಟರ್ ಮಳೆ, ಮೇಲಿಂದ ಉಪ್ಪುಗಾಳಿ. ಜುಲೈ ಬರೋಷ್ಟ್ರಲ್ಲಿ ಕಬ್ಬಿಣದ ಕ್ಯೂಬು, ವಾಯರ್ ತುದಿಯ ಕ್ಲಿಪ್ಪು ಎಲ್ಲಾ ಕೆಂಪಗಾಗಿತ್ತು. ಕ್ಲಿಪ್ ತುಕ್ಕು ಹಿಡಿದ್ರೆ ಅಲ್ಲೇ ರೋಧ ಜಾಸ್ತಿ ಆಗಿ ಮೀಟರ್ ಕುಣೀತದೆ, ಪಾಲಿಶ್ ಪೇಪರಲ್ಲಿ ಉಜ್ಜಿದ್ಮೇಲೆ ಸರಿ ಆಯ್ತು. ಗಾಳಿ ಹೋಗದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಕ್ಯೂಬಿಗೆ ತೆಳ್ಳಗೆ ತೆಂಗಿನೆಣ್ಣೆ ಒರೆಸಿ. ಪುಸ್ತಕದಲ್ಲಿ ಮೂರು ಟ್ಯೂಬಿನ ಮೊಳೆ ಪ್ರಯೋಗ ಇದೆಯಲ್ಲ, ಒಂದು ನೀರು ಗಾಳಿ ಎರಡೂ ಇರೋದು, ಒಂದು ಕುದಿಸಿದ ನೀರಿನ ಮೇಲೆ ಎಣ್ಣೆ ಹಾಕಿದ್ದು, ಒಂದು ಒಣ ಗಾಳಿ, ಅದನ್ನ ಮಳೆಗಾಲದಲ್ಲಿ ಅವರು ಹೇಳಿದ ಹಾಗೆ ಬರೀ ಹತ್ತಿ ತುರುಕಿ ಮಾಡಿದ್ರೆ ಒಣ ಟ್ಯೂಬಿನ ಮೊಳೆಗೂ ತುಕ್ಕು ಬರ್ತದೆ, ನಮ್ಮ ಗಾಳಿ ಒಣಗಿದ್ದೇ ಅಲ್ಲ. ಹತ್ತಿ ಕೆಳಗೆ ಸಿಲಿಕಾ ಜೆಲ್ ಹಾಕಿ ಮಾಡ್ಸಿ, ಮೊಳೆ ಹೊಳೀತಾ ಇರ್ತದೆ.

ಯಾರು ತಗೋಬಹುದು ಅಂದ್ರೆ, 8ನೇ ಕ್ಲಾಸಿಂದ ಮೇಲಿನ ಮಕ್ಕಳಿದ್ದು, ವಾರಕ್ಕೊಂದು ಸಂಜೆ ಜೊತೆಗೆ ಕೂತ್ಕೊಳ್ಳೋ ದೊಡ್ಡೋರು ಮನೇಲಿದ್ರೆ ತಗೊಳ್ಳಿ. ಕೂರೋಕೆ ಆಗಲ್ಲ ಅಂದ್ರೆ ಶಾಲೆಗೆ ಕೊಡಿಸಿ, ಇಲ್ಲಾಂದ್ರೆ ಮಕ್ಕಳನ್ನ ಕೋಡಿಬಾಗದ ವಿಜ್ಞಾನ ಕೇಂದ್ರಕ್ಕೆ ಕರ್ಕೊಂಡು ಹೋಗಿ. 5, 6ನೇ ಕ್ಲಾಸಿನವರಿಗೆ ಇದು ಬೇಡ, ಮ್ಯಾಗ್ನೆಟ್ಟು, ಲೆನ್ಸು ಬಿಡಿಯಾಗಿ ತಂದುಕೊಟ್ರೆ ಸಾಕು. ಬ್ಯಾಟರಿ ಒಳಗೆ ಬರಲ್ಲ, ಬಲ್ಬು ಸುಟ್ರೆ ಬೇರೆ ಬಲ್ಬನ್ನ ಕಂಪನಿ ಕೊಡಲ್ಲ, ಆರ್ಡರ್ ಹಾಕೋವಾಗ್ಲೇ 2.5 ವೋಲ್ಟಿನ ಟಾರ್ಚ್ ಬಲ್ಬು ನಾಲ್ಕೈದು ಹೆಚ್ಚಿಗೆ ತಂದಿಟ್ಕೊಳ್ಳಿ, ಈಗ ಎಲ್ಲಾ ಎಲ್‌ಇಡಿ ಆಗಿ ಅಂಗಡಿಗಳಲ್ಲಿ ಅವು ಸುಲಭಕ್ಕೆ ಸಿಗಲ್ಲ.